ರಾಷ್ಟ್ರಪತಿ ಪೀಠದಲ್ಲಿ ಶ್ರೀ ಜತ್ತಿಯವರ 164 ದಿನಗಳು

ಭಾರತದ ರಾಷ್ಟ್ರಪತಿಗಳ ಹೆಸರುಗಳನ್ನು ಶಾಲೆಯ ಮಕ್ಕಳು ಕ್ರಮವಾಗಿ ಒಪ್ಪಿಸುವಾಗ ಶ್ರೀ ಬಸಪ್ಪ ದಾನಪ್ಪ ಜತ್ತಿಯವರ ಹೆಸರು ಬರುವುದು ವಿರಳ. ಬಂದರೂ “ಹಂಗಾಮಿ” ಎಂಬ ಮಾತು ಅದಕ್ಕೆ ಅಂಟಿಕೊಂಡೇ ಬರುತ್ತದೆ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಅಧಿಕಾರದಲ್ಲಿರುವಾಗಲೇ ನಿಧನ ಹೊಂದಲು, ಸಂವಿಧಾನದ 65ನೆಯ ವಿಧಿಯಂತೆ ಉಪರಾಷ್ಟ್ರಪತಿಗಳಾಗಿದ್ದ ಶ್ರೀ ಜತ್ತಿಯವರು ಆ ಪೀಠದ ಹೊಣೆಯನ್ನು ಹೊತ್ತರು. ಜುಲೈ 25ರಂದು ಶ್ರೀ ನೀಲಂ ಸಂಜೀವ ರೆಡ್ಡಿಯವರು ಪ್ರಮಾಣವಚನ ಸ್ವೀಕರಿಸುವವರೆಗೆ, ಅಂದರೆ 164 ದಿನಗಳ ಕಾಲ, ಅವರು ಆ ಹೊಣೆಯನ್ನು ನಿರ್ವಹಿಸಿದರು. ಆ ಪೀಠದ ಕಾರ್ಯಭಾರವನ್ನು ಹೊತ್ತ ಕನ್ನಡಿಗರು ಇದುವರೆಗೆ ಅವರೊಬ್ಬರೇ.

ಇಷ್ಟು ಅಲ್ಪಕಾಲದ ಅಧಿಕಾರವನ್ನು ಕುರಿತು ನಮ್ಮ ಸಂಘದ ಸಂಚಿಕೆಯಲ್ಲಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಕನ್ನಡಿಗರೆಂಬ ಅಭಿಮಾನ ಒಂದು ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದಕ್ಕಿಂತ ಹತ್ತಿರದ ಕಾರಣವೊಂದುಂಟು. ತಮಿಳುನಾಡಿನಲ್ಲಿ 1976ರ ಜನವರಿ 31ರಂದು ಚುನಾಯಿತ ಮಂತ್ರಿಮಂಡಲವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರಲಾಗಿತ್ತು. ಶ್ರೀ ಎಂ. ಜಿ. ರಾಮಚಂದ್ರನ್‌ರವರು ಮುಖ್ಯಮಂತ್ರಿಗಳಾಗಿ ಅಧಿಕಾರ ವಹಿಸಿಕೊಂಡದ್ದು 1977ರ ಜೂನ್ 30ರಂದು. ಆಗ ತೇನಿ, ಕಂಬಂ, ದಿಂಡಿಗಲ್ ಎಲ್ಲವೂ ಮದುರೆ ಜಿಲ್ಲೆಗೇ ಸೇರಿದ್ದ ಊರುಗಳು. ಹೀಗೆ ನಾಲ್ಕೂವರೆ ತಿಂಗಳ ಕಾಲ ನಮ್ಮ ಕಣಿವೆಯ ಜನ, ವಿಧಾನಸಭೆಯೇ ಇಲ್ಲದೆ, ಸಾವಳಗಿಯ ಒಬ್ಬ ಕನ್ನಡಿಗರ ಹೆಸರಿನಲ್ಲಿ ನಡೆದ ಆಳ್ವಿಕೆಯಲ್ಲಿ ಬದುಕಿದರು. ಅದೇ ಕಾಲದಲ್ಲಿ ಬೇರೆ ಒಂಬತ್ತು ರಾಜ್ಯಗಳ ವಿಧಾನಸಭೆಗಳ ಹಣೆಬರಹವೂ ಅವರ ಲೇಖನಿಯ ಮುಂದೆ ಬಂದು ನಿಂತಿತು. ಆಗ ಅವರು ಒಂದು ದಿನ ತಡೆದರು. ಆ ಒಂದು ದಿನದ ತಡೆಯನ್ನು ಅಂದು ಹಲವರು ಹಳಿದರು. ಅದು ಹಳಿಯಬೇಕಾದ ತಡೆಯಾಗಿರಲಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಗಡಿಯಲ್ಲಿ ಬೆಳೆದವರು

ಶ್ರೀ ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದರು. ಜಮಖಂಡಿ ಆಗ ಪಟವರ್ಧನ ಮನೆತನದವರು ಆಳುತ್ತಿದ್ದ ಪುಟ್ಟ ಸಂಸ್ಥಾನ. ಜನರ ಮನೆಮಾತು ಕನ್ನಡ, ಅರಮನೆಯ ಮಾತು ಮರಾಠಿ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ಸ್ಥಿತಿ ನಮಗೇನೂ ಹೊಸದಲ್ಲ. ಕಂಬಂ ಕಣಿವೆಯ ಒಕ್ಕಲು ಮನೆಗಳಲ್ಲಿ ತಲೆತಲಾಂತರಗಳಿಂದ ಕನ್ನಡವನ್ನಾಡುತ್ತ, ಕಾಗದಪತ್ರಗಳನ್ನು ತಮಿಳಿನಲ್ಲಿ ಬರೆಯುತ್ತ ಬಂದವರಿಗೆ ಆ ಬಾಲ್ಯದ ವಾತಾವರಣ ಸುಲಭವಾಗಿ ಅರ್ಥವಾಗುತ್ತದೆ. ಅಂಥ ನೆಲದಲ್ಲಿ ಬೆಳೆದವರು ಎರಡು ಕಡೆಯವರ ಮಾತನ್ನೂ ಕೇಳುವ ತಾಳ್ಮೆಯನ್ನು ಚಿಕ್ಕಂದಿನಲ್ಲಿಯೇ ಕಲಿಯಬೇಕಾಗುತ್ತದೆ.

ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ನಡೆಸಿ, 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾಗಿಯೂ 1945ರಲ್ಲಿ ಅಧ್ಯಕ್ಷರಾಗಿಯೂ ಅವರು ಸಾರ್ವಜನಿಕ ಜೀವನವನ್ನು ಆರಂಭಿಸಿದರು. ಸಂಸ್ಥಾನದ ಮಂತ್ರಿಯಾಗಿ, ಮುಖ್ಯಮಂತ್ರಿಯಾಗಿ, 1948ರಲ್ಲಿ ಅದು ಮುಂಬಯಿ ಪ್ರಾಂತದೊಳಗೆ ವಿಲೀನವಾದ ಮೇಲೆ ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿ ದುಡಿದರು. 1956ರಲ್ಲಿ ಕನ್ನಡನಾಡು ಒಂದಾದ ನಂತರ ಗೇಣಿ ಮತ್ತು ಭೂಕಾನೂನುಗಳ ಸಮಿತಿಯ ಅಧ್ಯಕ್ಷರಾದರು. ಜತ್ತಿ ಸಮಿತಿಯೆಂದೇ ಹೆಸರಾದ ಆ ಸಮಿತಿಯ ವರದಿ 1961ರ ಮೈಸೂರು ಭೂಸುಧಾರಣಾ ಕಾಯ್ದೆಗೆ ತಳಹದಿಯಾಯಿತು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು, ಅನಂತರ ಶ್ರೀ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಗಳಾಗಿ ಕೆಲಸ ಮಾಡಲು ಹಿಂಜರಿಯಲಿಲ್ಲ. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. 1968ರಿಂದ 1972ರವರೆಗೆ ಪಾಂಡಿಚೇರಿಯ ಉಪರಾಜ್ಯಪಾಲರಾಗಿ ತಮಿಳರ ನಡುವೆಯೇ ಇದ್ದರು. ಮುಂದೆ ಒರಿಸ್ಸಾದ ರಾಜ್ಯಪಾಲರಾಗಿ, 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಗಳಾದರು.

ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗಿನ ಈ ದಾರಿಯಲ್ಲಿ ಅವರು ಎಲ್ಲಿಯೂ ಮೆಟ್ಟಿಲು ಹಾರಿದವರಲ್ಲ. ಗುಡುಗಿನಂಥ ಮಾತುಗಾರರೆಂದು ಅವರನ್ನು ಯಾರೂ ಕರೆದದ್ದಿಲ್ಲ. ಸೌಮ್ಯ ಸ್ವಭಾವದ, ಕಡತವನ್ನು ಓದಿ ಕೆಲಸ ಮಾಡುವ ಆಡಳಿತಗಾರರೆಂದೇ ಅವರು ಹೆಸರಾಗಿದ್ದರು. ಇಂಥವರ ಪಾಲಿಗೆ ಸ್ವತಂತ್ರ ಭಾರತದ ಅತ್ಯಂತ ಕೋಲಾಹಲದ ವಸಂತಕಾಲವೊಂದು ಬಂದೊದಗಿತು.

ಒಂದು ವಾರ, ಎರಡು ಮಂತ್ರಿಮಂಡಲ

1975ರ ಜೂನ್‌ನಲ್ಲಿ ಸಾರಿದ ಆಂತರಿಕ ತುರ್ತು ಪರಿಸ್ಥಿತಿ ಆಗಿನ್ನೂ ಜಾರಿಯಲ್ಲಿದ್ದಿತು. 1977ರ ಮಾರ್ಚ್ ತಿಂಗಳಲ್ಲಿ ಲೋಕಸಭೆಯ ಚುನಾವಣೆ ನಡೆದು ಆಳುವ ಪಕ್ಷ ಸೋತಿತು. ಮಾರ್ಚ್ 21ರಂದು, ಅಧಿಕಾರ ಬಿಡಲಿದ್ದ ಶ್ರೀಮತಿ ಇಂದಿರಾ ಗಾಂಧಿಯವರ ಮಂತ್ರಿಮಂಡಲದ ಸಲಹೆಯಂತೆ ಶ್ರೀ ಜತ್ತಿಯವರು ಆಂತರಿಕ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡರು. 24ರಂದು ಶ್ರೀ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದರು. 27ರಂದು, ಈ ಹೊಸ ಮಂತ್ರಿಮಂಡಲದ ಸಲಹೆಯಂತೆ, 1971ರ ಯುದ್ಧಕಾಲದಿಂದ ಉಳಿದುಕೊಂಡಿದ್ದ ಬಾಹ್ಯ ತುರ್ತು ಪರಿಸ್ಥಿತಿಯನ್ನೂ ಕೊನೆಗಾಣಿಸಿದರು.

ಸ್ವಾತಂತ್ರ್ಯ ಬಂದಂದಿನಿಂದ ಕೇಂದ್ರದಲ್ಲಿ ಅಧಿಕಾರ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಹೋದದ್ದು ಅದೇ ಮೊದಲು. ಅಂಥ ಹಸ್ತಾಂತರ ಹೇಗೆ ನಡೆಯಬೇಕೆಂಬುದಕ್ಕೆ ಹಿಂದಿನ ಪದ್ಧತಿಯೆಂಬುದೇ ಇರಲಿಲ್ಲ. ಸೋತವರ ಕೋಪ, ಗೆದ್ದವರ ಆತುರ ಎರಡೂ ತುಂಬಿದ್ದ ಆ ವಾರದಲ್ಲಿ ರಾಷ್ಟ್ರಪತಿ ಭವನದಿಂದ ಒಂದು ಅಪಸ್ವರವೂ ಹೊರಡಲಿಲ್ಲ.

ಮಾರ್ಚ್ 28ರ ಭಾಷಣ

ಮರುದಿನ, ಮಾರ್ಚ್ 28ರಂದು, ಸಂಸತ್ತಿನ ಉಭಯ ಸದನಗಳನ್ನು ಉದ್ದೇಶಿಸಿ ಅವರು ಭಾಷಣ ಮಾಡಿದರು. ವ್ಯಕ್ತಿಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ ಇವುಗಳ ಪರವಾಗಿ ಜನತೆ ತೀರ್ಪು ಕೊಟ್ಟಿದೆಯೆಂದು ಆ ಭಾಷಣ ಸಾರಿತು. ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದ ಕಾಯ್ದೆಯನ್ನು ರದ್ದುಗೊಳಿಸುವ, ಸಂಸತ್ತಿನ ನಡವಳಿಯನ್ನು ಪ್ರಕಟಿಸುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯನ್ನು ಪುನರ್ವಿಮರ್ಶಿಸುವ, ಸಂವಿಧಾನದ ಕೆಟ್ಟ ಸಮತೋಲನವನ್ನು ಮತ್ತೆ ಸರಿಪಡಿಸುವ ಭರವಸೆಗಳು ಅದರಲ್ಲಿದ್ದುವು. ಇವು ಬರಿಯ ಮಾತಾಗಿ ಉಳಿಯಲಿಲ್ಲ. ಪತ್ರಿಕೆಗಳಿಗೆ ಸಂಬಂಧಿಸಿದ ಎರಡು ಶಾಸನಗಳೂ ಏಪ್ರಿಲ್‌ನಲ್ಲಿಯೇ ಅಂಗೀಕಾರವಾಗಿ, ಭಾಷಣವನ್ನು ಓದಿದ ಜತ್ತಿಯವರ ಅಂಕಿತವನ್ನೇ ಪಡೆದುವು. ಮೀಸಾ ಕಾಯ್ದೆ 1978ರಲ್ಲಿ ರದ್ದಾಯಿತು.

ತುರ್ತು ಪರಿಸ್ಥಿತಿಯ ಕಾಲದ ಶಾಸನಗಳು ರಾಜ್ಯಸಭೆಯಲ್ಲಿ ಅಂಗೀಕಾರವಾದಾಗ ಅದರ ಸಭಾಪತಿ ಪೀಠದಲ್ಲಿದ್ದವರು ಇದೇ ಜತ್ತಿಯವರಲ್ಲವೆ, ಅವರ ಬಾಯಿಂದ ಈ ಮಾತುಗಳು ಬಂದದ್ದು ವಿಪರ್ಯಾಸವಲ್ಲವೆ ಎಂದು ಆಕ್ಷೇಪಿಸಿದವರುಂಟು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆ ಹತ್ತೊಂಬತ್ತು ಇಪ್ಪತ್ತು ತಿಂಗಳುಗಳಲ್ಲಿ ದೇಶದ ದೊಡ್ಡ ಪೀಠಗಳಲ್ಲಿದ್ದ ಹಲವರು ಮೌನವಾಗಿದ್ದರು. ಜತ್ತಿಯವರೂ ಮೌನವಾಗಿದ್ದರು. ಆದರೆ ರಾಷ್ಟ್ರಪತಿಗಳು ಸಂಸತ್ತಿನಲ್ಲಿ ಓದುವ ಭಾಷಣ ಮಂತ್ರಿಮಂಡಲ ಸಿದ್ಧಪಡಿಸಿದ್ದು. ಅದನ್ನು ಒಂದಕ್ಷರ ನುಂಗದೆ ಓದುವುದು ಆ ಪೀಠದ ಧರ್ಮ. ತಾವು ಯಾವ ಪಕ್ಷದಲ್ಲಿ ಮೂವತ್ತು ವರ್ಷ ಬೆಳೆದಿದ್ದರೋ ಆ ಪಕ್ಷದ ಆಳ್ವಿಕೆಯ ಮೇಲೆ ಜನತೆ ಕೊಟ್ಟ ತೀರ್ಪನ್ನು, ಆ ಪಕ್ಷದವರೇ ಎದುರು ಕುಳಿತಿರಲು, ಸಮಚಿತ್ತದಿಂದ ಓದಿ ಮುಗಿಸಿದ್ದು ಸಣ್ಣ ಸಂಯಮವಲ್ಲ.

ಏಪ್ರಿಲ್ 30ರ ಅಂಕಿತ

ಈಗ ವಿವಾದದ ವಿಷಯಕ್ಕೆ ಬರೋಣ. ಲೋಕಸಭೆಯ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತ್ತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಅದಕ್ಕೆ ಒಂದೂ ದಕ್ಕಿರಲಿಲ್ಲ. ಆದರೂ ಅಲ್ಲಿನ ರಾಜ್ಯ ಸರ್ಕಾರಗಳು ಅದೇ ಪಕ್ಷದ ಕೈಯಲ್ಲಿದ್ದುವು. ಏಪ್ರಿಲ್ 18ರಂದು ಗೃಹಮಂತ್ರಿ ಶ್ರೀ ಚರಣ್ ಸಿಂಗ್‌ರವರು ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ವಿಧಾನಸಭೆಯನ್ನು ವಿಸರ್ಜಿಸುವಂತೆ ತಮ್ಮ ರಾಜ್ಯಪಾಲರಿಗೆ ಸಲಹೆ ಕೊಡಬೇಕೆಂದು ಸೂಚಿಸಿದರು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶ, ಪಂಜಾಬ್, ಹರಿಯಾಣ, ಹಿಮಾಚಲ ಪ್ರದೇಶ, ಒರಿಸ್ಸಾ, ಪಶ್ಚಿಮ ಬಂಗಾಳ ಇವೇ ಆ ಒಂಬತ್ತು. ಆರು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಅವುಗಳ ದಾವೆಯನ್ನು ವಜಾ ಮಾಡಿತು. ಒಡನೆಯೇ ಮಂತ್ರಿಮಂಡಲ, ಒಂಬತ್ತು ವಿಧಾನಸಭೆಗಳನ್ನೂ ವಿಸರ್ಜಿಸುವ ಸಲಹೆಯನ್ನು ರಾಷ್ಟ್ರಪತಿ ಭವನಕ್ಕೆ ಕಳುಹಿಸಿತು.

ಶ್ರೀ ಜತ್ತಿಯವರು ಕೂಡಲೆ ಸಹಿ ಹಾಕಲಿಲ್ಲ. ರಾಜಧಾನಿಯಲ್ಲಿ ಕೋಲಾಹಲವೆದ್ದಿತು. ಮರುದಿನ, ಏಪ್ರಿಲ್ 30ರಂದು, ಅವರು ಸಹಿ ಹಾಕಿದರು. ನಡೆದದ್ದು ಇಷ್ಟೆ. ಇಷ್ಟಕ್ಕೆ ಅವರನ್ನು ಒಂದು ಕಡೆಯವರು ಹಳೆಯ ಪಕ್ಷದ ಋಣ ತೀರಿಸಿದರೆಂದು ಜರೆದರು. ಇನ್ನೊಂದು ಕಡೆಯವರು ಕೊನೆಗೆ ಮಣಿದರೆಂದು ಮೂದಲಿಸಿದರು.

ಆ ರಾತ್ರಿ ಅವರ ಮನಸ್ಸಿನಲ್ಲಿ ಏನಿದ್ದಿತೆಂದು ಊಹಿಸುವುದಕ್ಕಿಂತ, ಅವರ ಮೇಜಿನ ಮೇಲೆ ಯಾವ ಪ್ರಶ್ನೆಗಳಿದ್ದುವೆಂದು ನೋಡುವುದು ಲೇಸು. ಲೋಕಸಭೆಗೆ ಹಾಕಿದ ಮತವನ್ನು ವಿಧಾನಸಭೆಯ ಮೇಲಿನ ತೀರ್ಪೆಂದು ಎಣಿಸಬಹುದೆ ಎಂಬುದು ಮೊದಲನೆಯ ಪ್ರಶ್ನೆ. ರಾಜ್ಯಪಾಲರ ವರದಿಯೇ ಇಲ್ಲದೆ ರಾಜ್ಯದ ಆಡಳಿತ ಕುಸಿದಿದೆಯೆಂದು ತೀರ್ಮಾನಿಸಬಹುದೆ ಎಂಬುದು ಎರಡನೆಯದು. ಸಂಸತ್ತು ಒಪ್ಪುವ ಮೊದಲೇ, ಮತ್ತೆ ಜೀವಗೊಳಿಸಲಾಗದಂತೆ ವಿಧಾನಸಭೆಯನ್ನು ವಿಸರ್ಜಿಸಬಹುದೆ ಎಂಬುದು ಮೂರನೆಯದು. ಇದಲ್ಲದೆ ಹೊಸ ರಾಷ್ಟ್ರಪತಿಗಳ ಚುನಾವಣೆ ಹತ್ತಿರವಿದ್ದಿತು. ಅದರಲ್ಲಿ ಮತ ಹಾಕುವವರೊಳಗೆ ವಿಧಾನಸಭೆಗಳ ಸದಸ್ಯರೂ ಸೇರಿದ್ದಾರೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ.

ಸರ್ಕಾರದ ವಾದದಲ್ಲಿಯೂ ಬಲವಿದ್ದಿತು. ಆ ವಿಧಾನಸಭೆಗಳಲ್ಲಿ ಹಲವು 1972ರಲ್ಲಿ ಐದು ವರ್ಷಗಳಿಗೆಂದು ಆಯ್ಕೆಯಾದವು. ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ ಅವುಗಳ ಆಯುಸ್ಸನ್ನು ಆರು ವರ್ಷಗಳಿಗೆ ಏರಿಸಿತ್ತು. ಜನ ಕೊಟ್ಟ ಕಾಲ ಮುಗಿದ ಮೇಲೂ ಕುಳಿತವರು ಮತ್ತೆ ಜನರೆದುರು ಹೋಗಲಿ ಎನ್ನುವುದು ಅನ್ಯಾಯದ ಮಾತಲ್ಲ. ಆದರೆ ಅದೇ 42ನೆಯ ತಿದ್ದುಪಡಿ, ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು 74ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಬರೆದು, ಮರಳಿ ಕೇಳುವ ದಾರಿಯೊಂದನ್ನೂ ಬಿಟ್ಟಿರಲಿಲ್ಲ. ಎರಡು ಕಡೆಯೂ ಭಾರವಿದ್ದ ತಕ್ಕಡಿಯನ್ನು ಹಿಡಿದವರು ಒಂದು ದಿನ ನಿಂತು ನೋಡಿದರು. ಕೊನೆಗೆ ಚುನಾಯಿತ ಮಂತ್ರಿಮಂಡಲದ ಮಾತನ್ನು ನಡೆಸಿಕೊಟ್ಟರು. ಅವರು ಸಹಿಯನ್ನೇ ನಿರಾಕರಿಸಿದ್ದರೆ ಚುನಾಯಿತರ ಮೇಲೆ ಚುನಾಯಿತರಲ್ಲದವರ ಅಧಿಕಾರವನ್ನು ಹೇರಿದಂತಾಗುತ್ತಿತ್ತು. ಕಡತ ಬಂದ ಗಳಿಗೆಯಲ್ಲಿಯೇ ಸಹಿ ಹಾಕಿದ್ದರೆ, 1975ರ ಜೂನ್ ತಿಂಗಳ ರಾತ್ರಿಯ ಅಂಕಿತದಿಂದ ದೇಶ ಏನನ್ನೂ ಕಲಿಯಲಿಲ್ಲವೆಂದಾಗುತ್ತಿತ್ತು.

ನಮ್ಮ ಕಣಿವೆಯ ಒಕ್ಕಲಿಗರಿಗೆ ಇದನ್ನು ಹೇಳಲು ದೂರ ಹೋಗಬೇಕಾಗಿಲ್ಲ. 1895ರಿಂದ ಪೆರಿಯಾರಿನ ನೀರು ಬೆಟ್ಟದ ಸುರಂಗ ಹಾದು ನಮ್ಮ ಗದ್ದೆಗಳಿಗೆ ಬರುತ್ತಿದೆ. ತೂಬಿನ ಬಳಿ ನಿಂತವನು ನೀರಿನ ಒಡೆಯನಲ್ಲ. ಯಾರಿಗೆ ಎಷ್ಟು ನೀರೆಂದು ನಿರ್ಣಯಿಸುವವನೂ ಅಲ್ಲ. ಆಜ್ಞೆ ಬಂದರೆ ಅವನು ತೆರೆಯಲೇಬೇಕು. ಆದರೂ ತೆರೆಯುವ ಮುನ್ನ ಕೆಳಗಿನ ಕಾಲುವೆಯ ಏರಿ ಗಟ್ಟಿಯಾಗಿದೆಯೆ ಎಂದು ಒಮ್ಮೆ ಕೇಳುವವನನ್ನು ಯಾವ ರೈತನೂ ದೂರುವುದಿಲ್ಲ.

ಆಕ್ಷೇಪಗಳು

ಅಭಿಮಾನ ಕಣ್ಣು ಕಟ್ಟಬಾರದು. ಜತ್ತಿಯವರ ಮೇಲಿನ ಎರಡು ಆಕ್ಷೇಪಗಳನ್ನು ನಾವೂ ಎದುರಿಸಬೇಕು.

ಮೊದಲನೆಯದು ಒರಿಸ್ಸಾದ್ದು. 1973ರ ಮಾರ್ಚ್‌ನಲ್ಲಿ ಶ್ರೀಮತಿ ನಂದಿನಿ ಸತ್ಪತಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಾಗ, ತಮಗೆ ಬಹುಮತವಿದೆಯೆಂದು ಶ್ರೀ ಬಿಜು ಪಟ್ನಾಯಕರು ಮುಂದೆ ಬಂದಿದ್ದರು. ರಾಜ್ಯಪಾಲರಾಗಿದ್ದ ಜತ್ತಿಯವರು ಅವರಿಗೆ ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಿದ್ದರೆ ಹೆಚ್ಚು ಚೆನ್ನಾಗಿತ್ತೆಂದು ಇಂದು ಯಾರಾದರೂ ಹೇಳಿಯಾರು. 1973ರಲ್ಲಿ ತೋರದ ಹಿಂಜರಿಕೆ 1977ರಲ್ಲಿ ಏಕೆ ಬಂತೆಂಬ ಪ್ರಶ್ನೆ ನ್ಯಾಯವಾದುದೇ. ನಮ್ಮ ಉತ್ತರವಿಷ್ಟೆ: ಆ ಎರಡು ವರ್ಷಗಳ ನಡುವೆ ದೇಶ ತುರ್ತು ಪರಿಸ್ಥಿತಿಯನ್ನು ಕಂಡಿತ್ತು. ಅವಸರದ ಸಹಿಯ ಬೆಲೆಯೇನೆಂಬುದು 1973ರಲ್ಲಿ ಯಾರಿಗೂ ಅಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಎರಡನೆಯದು ಇನ್ನೂ ತೀಕ್ಷ್ಣವಾದುದು. ಸರ್ವೋಚ್ಚ ನ್ಯಾಯಾಲಯ ಏಪ್ರಿಲ್ 29ರಂದು ಆದೇಶವನ್ನು ಮಾತ್ರ ಸಾರಿ, ಕಾರಣಗಳನ್ನು ಮೇ 6ರಂದು ಪ್ರಕಟಿಸಿತು. ಈ ನಡುವೆ ಹಂಗಾಮಿ ರಾಷ್ಟ್ರಪತಿಗಳು ಮುಖ್ಯ ನ್ಯಾಯಮೂರ್ತಿ ಬೇಗ್‌ರವರನ್ನು ಕಂಡರೆಂದೂ, ಮಾತಿನ ನಡುವೆ ಈ ಮೊಕದ್ದಮೆಯ ಪ್ರಸ್ತಾಪ ಬಂದಿತೆಂದೂ ನ್ಯಾಯಮೂರ್ತಿ ಗೋಸ್ವಾಮಿಯವರು ತಮ್ಮ ತೀರ್ಪಿನಲ್ಲಿಯೇ ನೋವಿನಿಂದ ದಾಖಲಿಸಿದ್ದಾರೆ. ಇದನ್ನು ಸಮರ್ಥಿಸಲು ನಾವು ಯತ್ನಿಸುವುದಿಲ್ಲ. ಆದೇಶ ಆಗಲೇ ಹೊರಬಿದ್ದಿತ್ತೆಂಬುದು ನಿಜವಾದರೂ, ಆ ಪೀಠದಲ್ಲಿದ್ದವರು ಇಡಬಾರದಿದ್ದ ಹೆಜ್ಜೆ ಅದು. ಒಂದು ತಪ್ಪು ಹೆಜ್ಜೆಗಾಗಿ ಸರಿಯಾದ ಪ್ರಶ್ನೆಯೊಂದನ್ನು ಮರೆಯಬಾರದೆಂಬುದಷ್ಟೆ ನಮ್ಮ ವಿನಂತಿ.

ನಮ್ಮ ನಾಡೇ ನುಡಿದ ಸಾಕ್ಷಿ

ಆ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಲಿಲ್ಲ. ಅದು ದೊರೆತದ್ದು ನಮ್ಮ ತಮಿಳುನಾಡಿನಲ್ಲಿಯೇ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

1980ರ ಜನವರಿಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಮತ್ತೆ ಗೆದ್ದು ಬಂದರು. ತಮಿಳುನಾಡಿನ 39 ಲೋಕಸಭಾ ಸ್ಥಾನಗಳಲ್ಲಿ ಎಂ. ಜಿ. ಆರ್. ಅವರ ಪಕ್ಷಕ್ಕೆ ಬಂದದ್ದು ಎರಡೇ. 1977ರಲ್ಲಿ ಜನತಾ ಸರ್ಕಾರ ಹೂಡಿದ ವಾದವನ್ನೇ ತಿರುಗಿಸಿ ಹಿಡಿದು, ಕೇಂದ್ರ ಸರ್ಕಾರ ಫೆಬ್ರವರಿ 17ರಂದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಈ ಬಾರಿ ಆ ಪಟ್ಟಿಯಲ್ಲಿ ತಮಿಳುನಾಡೂ ಇದ್ದಿತು. ಅನಂತರ ಮೇ ತಿಂಗಳ ಕೊನೆಯಲ್ಲಿ ವಿಧಾನಸಭೆಗೆ ಚುನಾವಣೆ ನಡೆದಾಗ, ಜನವರಿಯಲ್ಲಿ ಸೋಲಿಸಿದ್ದ ಪಕ್ಷವನ್ನೇ ಜನ 234ರಲ್ಲಿ 129 ಸ್ಥಾನಗಳನ್ನಿತ್ತು ಮತ್ತೆ ಕೂರಿಸಿದರು. ಲೋಕಸಭೆಯ ಮತ ಬೇರೆ, ವಿಧಾನಸಭೆಯ ಮತ ಬೇರೆ ಎಂಬುದನ್ನು ಐದು ತಿಂಗಳೊಳಗೆ ನಮ್ಮ ಮತದಾರರೇ ಸಾರಿದರು. 1973ರ ಉಪಚುನಾವಣೆಯಲ್ಲಿ ಆ ಪಕ್ಷಕ್ಕೆ ಮೊದಲ ಗೆಲುವನ್ನು ಕೊಟ್ಟ ದಿಂಡಿಗಲ್ಲಿನವರಿಗೂ, 1984ರಲ್ಲಿ ಎಂ. ಜಿ. ಆರ್. ಅವರನ್ನೇ ಆರಿಸಿ ಕಳುಹಿಸಿದ ಆಂಡಿಪಟ್ಟಿಯವರಿಗೂ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮುಂದೆ 1991ರ ಜನವರಿ 30ರಂದು, ರಾಜ್ಯಪಾಲರ ವರದಿಯೇ ಇಲ್ಲದೆ, ತಮಿಳುನಾಡಿನ ವಿಧಾನಸಭೆ ಮತ್ತೆ ವಿಸರ್ಜಿತವಾಯಿತು. 1977ರ ಎರಡನೆಯ ಪ್ರಶ್ನೆಯೂ ಹೀಗೆ ನಮ್ಮ ಮನೆಬಾಗಿಲಿಗೆ ಬಂದಿತು.

ಕಾನೂನು ನಿಧಾನವಾಗಿ ಆ ತಡೆಯ ಕಡೆಗೇ ನಡೆದು ಬಂದಿತು. 44ನೆಯ ತಿದ್ದುಪಡಿಯ ಮೂಲಕ, ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಪುನರಾಲೋಚನೆಗೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗಳಿಗೆ ದೊರೆಯಿತು. ಮತ್ತೆ ಅದೇ ಸಲಹೆ ಬಂದರೆ ಅವರು ಒಪ್ಪಲೇಬೇಕು. ಆ ತಿದ್ದುಪಡಿಗೆ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30ರಂದು, ಜತ್ತಿಯವರು ಸಹಿ ಹಾಕಿದ ದಿನಕ್ಕೆ ಸರಿಯಾಗಿ ಎರಡು ವರ್ಷಕ್ಕೆ. ಅವರಿಂದಲೇ ಈ ತಿದ್ದುಪಡಿ ಬಂದಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಕಾನೂನಿನ ಆಸರೆಯಿಲ್ಲದೆ ಅವರು ಒಂದು ದಿನ ಮಾಡಿದ ಕೆಲಸಕ್ಕೆ ಈಗ ಕಾನೂನಿನ ಆಸರೆ ದೊರೆಯಿತೆನ್ನುವುದು ಸತ್ಯ. 1994ರ ಮಾರ್ಚ್ 11ರಂದು ಇನ್ನೊಬ್ಬ ಕನ್ನಡಿಗರಾದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದೆಂದೂ, ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದೂ ನಿರ್ಣಯಿಸಿತು. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿಯೂ 1998ರಲ್ಲಿ ಬಿಹಾರದ ವಿಷಯದಲ್ಲಿಯೂ ರಾಷ್ಟ್ರಪತಿ ಕೆ. ಆರ್. ನಾರಾಯಣನ್‌ರವರು ರಾಷ್ಟ್ರಪತಿ ಆಳ್ವಿಕೆಯ ಸಲಹೆಯನ್ನು ಹಿಂದಿರುಗಿಸಿದಾಗ ದೇಶವೇ ಮೆಚ್ಚಿತು. ಅಷ್ಟು ಹೊತ್ತಿಗೆ ಜತ್ತಿಯವರ ತಡೆಯನ್ನು ನೆನೆಯುವವರು ಕಡಿಮೆಯಾಗಿದ್ದರು.

1977ರ ಜುಲೈಯಲ್ಲಿ ಶ್ರೀ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದಾಗ ಶ್ರೀ ಜತ್ತಿಯವರು ಹಿರಿಯ ಪೀಠದಿಂದ ಇಳಿದು ತಮ್ಮ ಹಳೆಯ ಪೀಠಕ್ಕೆ ಮರಳಿದರು. 1979ರ ಆಗಸ್ಟ್‌ವರೆಗೆ ರಾಜ್ಯಸಭೆಯ ಸಭಾಪತಿಗಳಾಗಿ ಕೆಲಸ ಮಾಡಿ, ಉಳಿದ ಕಾಲವನ್ನು ಬಸವ ಸಮಿತಿಯ ಸೇವೆಗೆ ಕೊಟ್ಟು, 2002ರ ಜೂನ್ 7ರಂದು ತೀರಿಕೊಂಡರು. ವಿಧಾನಸಭೆಯಿಲ್ಲದ ಕಾಲವನ್ನು ಹಲವು ಬಾರಿ ಕಂಡ ನಾಡಿನವರಾದ ನಾವು, ವಿಧಾನಸಭೆಯನ್ನು ಅಳಿಸುವ ಕಾಗದದ ಮುಂದೆ ಒಂದು ದಿನ ನಿಂತು ಯೋಚಿಸಿದ ಈ ಹಿರಿಯರನ್ನು ನೆನೆಯುವುದು ಯುಕ್ತ. ನಮ್ಮ ಮಕ್ಕಳು ರಾಷ್ಟ್ರಪತಿಗಳ ಹೆಸರುಗಳನ್ನು ಒಪ್ಪಿಸುವಾಗ ಇವರ ಹೆಸರನ್ನೂ ಸೇರಿಸಿ ಹೇಳಲಿ. ಏಕೆಂದು ಯಾರಾದರೂ ಕೇಳಿದರೆ 1980ರ ಜನವರಿಯ ಮತ್ತು ಮೇ ತಿಂಗಳ ಚುನಾವಣೆಗಳ ಕತೆಯನ್ನು ಮನೆಯ ಹಿರಿಯರು ಅವರಿಗೆ ತಿಳಿಸಿಕೊಡಲಿ.